ಹೂಮಳೆ ಬಾರದ ವರ್ಷ, ಮಡುವಿನ ಮೀನು

ಕೊಡಗಿನಲ್ಲಿ ಕಾವೇರಿಯ ಕೆಲವೇ ಮೈಲಿಗಳ ಹರಿವನ್ನು ನೋಡಿಕೊಳ್ಳುವ ಸಣ್ಣದೊಂದು ಆಂಗ್ಲಿಂಗ್ (ಗಾಳದ ಮೀನುಬೇಟೆ) ಕ್ಲಬ್ಬಿನ ಕಾರ್ಯದರ್ಶಿ ನಾನು. ಹಾಗೆಂದು ತಿಳಿದೊಡನೆ ಜನ ಕೇಳುವುದು, ಇದುವರೆಗೆ ಎಷ್ಟು ದೊಡ್ಡ ಮೀನು ಹಿಡಿದಿದ್ದೀರಿ ಎಂದು. ನಿಜ ಹೇಳಬೇಕೆಂದರೆ ಈ ಹುದ್ದೆಗೆ ಬಂದ ಮೇಲೆ ಗಾಳ ಹಿಡಿದದ್ದಕ್ಕಿಂತ ಪೆನ್ನು ಹಿಡಿದದ್ದೇ ಹೆಚ್ಚು. ಕಾವಲುಗಾರರ ಸಂಬಳದ ವೋಚರು, ಪರ್ಮಿಟ್ಟಿನ ಲೆಕ್ಕ, ಮೀನುಗಾರಿಕೆ ಇಲಾಖೆಗೆ ಬರೆಯುವ ಅರ್ಜಿ, ಇವುಗಳ ನಡುವೆ ರಾತ್ರಿ ಹೊಳೆಯ ಕಡೆಯಿಂದ, ಮೀನು ಕೊಲ್ಲಲು ಕಳ್ಳರು ನೀರಿಗೆಸೆಯುವ ಸಿಡಿಮದ್ದಿನ ತೋಟೆ ಸಿಡಿದ ಸದ್ದು ಕೇಳಿತೆಂದು ಯಾರಾದರೂ ಫೋನ್ ಮಾಡಿದರೆ ಟಾರ್ಚು ಹಿಡಿದು ದಡಕ್ಕೆ ಓಡುವ ಕೆಲಸವೂ ಸೇರಿಕೊಂಡಿದೆ.

ನಮ್ಮ ಕ್ಲಬ್ಬಿನ ನಿಯಮಗಳು ನಾವೇ ಹೊಸದಾಗಿ ಕಂಡುಹಿಡಿದವಲ್ಲ. ವಾಲ್ನೂರಿನ ಹರಿವಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದ ಪದ್ಧತಿಯೇ ನಮಗೂ ಮಾದರಿ: ಪರ್ಮಿಟ್ಟು ಪಡೆದು ಹಿಡಿಯಬೇಕು, ಅಳೆಯಬೇಕು, ಜೀವಂತವಾಗಿ ಮರಳಿ ನೀರಿಗೆ ಬಿಡಬೇಕು. ಮಶೀರ್, ಅಂದರೆ ಹಳಬರು ಬಿಳಿಮೀನು ಎನ್ನುವ ಮೀನು, ಮೊಟ್ಟೆಯಿಡುವುದು ಮಳೆಗಾಲದಲ್ಲಾದ್ದರಿಂದ ಆ ತಿಂಗಳುಗಳಲ್ಲಿ ನಾವು ಗಾಳವನ್ನೇ ಮುಟ್ಟುವುದಿಲ್ಲ. ಮೀನನ್ನು ತಕ್ಕಡಿಗೆ ನೇತುಹಾಕಿದರೆ ಅದರ ಒಳಾಂಗಗಳಿಗೆ ಪೆಟ್ಟಾಗುತ್ತದೆಂದು ಟೇಪಿನಿಂದಲೇ ತೂಕ ಕಟ್ಟುತ್ತೇವೆ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸಿದರೆ, ಅಳತೆ ಇಂಚಿನಲ್ಲಿದ್ದ ಪಕ್ಷದಲ್ಲಿ, ತೂಕ ಹೆಚ್ಚುಕಡಿಮೆ ಪೌಂಡುಗಳಲ್ಲಿ ಬರುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಶೀರಿನ ಕಥೆ ನಮ್ಮ ಪ್ರತಿ ಸಭೆಯಲ್ಲೂ ಒಮ್ಮೆಯಾದರೂ ಬಂದುಹೋಗುತ್ತದೆ. ಆ ಕಥೆ ಬಂತೆಂದರೆ ಅಂದಿನ ಕಲಾಪ ಮುಗಿಯಿತೆಂದೇ ಅರ್ಥ.

ನಾನು ಹೇಳಹೊರಟಿರುವುದು ಹೂಮಳೆ ಕೈಕೊಟ್ಟ ಒಂದು ವರ್ಷದ ಸಂಗತಿ. ಕಾಫಿ ತೋಟ ಇಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಒಂದೆರಡು ದಿನ ಚೆನ್ನಾಗಿ ಮಳೆ ಬಿದ್ದರೆ ರೊಬಸ್ಟಾ ಕಾಫಿ ಗಿಡದ ಮೊಗ್ಗುಗಳು ವಾರ, ಹತ್ತು ದಿನಗಳಲ್ಲಿ ಒಮ್ಮೆಲೇ ಅರಳುತ್ತವೆ. ಆ ಮಳೆ ಬಾರದಿದ್ದರೆ ತೋಟದವರು ಹೊಳೆಗೆ ಡೀಸೆಲ್ ಪಂಪು ಇಳಿಸಿ ಸ್ಪ್ರಿಂಕ್ಲರ್ ಜೆಟ್ಟುಗಳಿಂದ ತಾವೇ ಮಳೆ ಸುರಿಸುತ್ತಾರೆ. ಅರೆಬರೆ ನೀರು ಕೊಟ್ಟರೆ ಮೊಗ್ಗು ಸರಿಯಾಗಿ ಅರಳದೆ ಕೆಡುವುದರಿಂದ, ಒಮ್ಮೆ ಶುರುಮಾಡಿದ ಮೇಲೆ ಮಧ್ಯದಲ್ಲಿ ನಿಲ್ಲಿಸುವಂತಿಲ್ಲ. ಒಂದು ಎಕರೆಗೆ ಒಂದು ಇಂಚು ನೀರು ಹಾಯಿಸಬೇಕೆಂದರೆ ಲಕ್ಷ ಲೀಟರಿಗಿಂತ ಹೆಚ್ಚು ಬೇಕು, ಮತ್ತು ಒಂದು ಇಂಚಿಗೆ ತೃಪ್ತರಾಗುವ ಬೆಳೆಗಾರರನ್ನು ನಾನಿನ್ನೂ ಕಂಡಿಲ್ಲ. ಹೊಳೆಯ ಎರಡೂ ದಡದ ತೋಟಗಳು ಒಂದೇ ವಾರದಲ್ಲಿ ಹೀಗೆ ನೀರೆತ್ತಿದಾಗ, ಮೊದಲೇ ಬೇಸಿಗೆಗೆ ಸೊರಗಿದ ಕಾವೇರಿ ಬಂಡೆಗಳ ಸಂದಿಯಲ್ಲಿ ಹುಡುಕಬೇಕಾದಷ್ಟು ಸಣ್ಣದಾಗುತ್ತದೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಇನ್ನೂ ಬೆಳಕು ಸರಿಯಾಗಿ ಹರಿಯುವ ಮುನ್ನ, ನಮ್ಮ ಕಾವಲುಗಾರನ ಫೋನು ಬಂತು. "ಅಣ್ಣಾ, ಮೇಲಿನ ಮಡು ಕಡಿದುಹೋಗಿದೆ. ನೀರು ಓಡ್ತಾ ಇಲ್ಲ. ಮೀನೆಲ್ಲ ಬಾಯಿ ಮೇಲೆ ಮಾಡಿಕೊಂಡು ನಿಂತಿವೆ, ಬೇಗ ಬನ್ನಿ" ಎಂದ. ಅವನು ಪ್ರಾಯದಲ್ಲಿ ಇದೇ ಹೊಳೆಯಲ್ಲಿ ಕದ್ದು ಬಲೆ ಬೀಸಿದವನು. ಮೀನು ಎಲ್ಲಿ, ಯಾವ ಹೊತ್ತಿಗೆ, ಏಕೆ ನಿಂತಿದೆ ಎಂಬುದನ್ನು ಅವನಷ್ಟು ಬಲ್ಲವರು ನಮ್ಮ ಸದಸ್ಯರಲ್ಲಿ ಯಾರೂ ಇಲ್ಲ. ನಿಂತ ನೀರಿನಲ್ಲಿ ಪಾಚಿ ಮತ್ತು ಜಲಸಸ್ಯಗಳು ರಾತ್ರಿಯಿಡೀ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಮುಂಜಾವಿನ ಹೊತ್ತಿಗೆ ಅದು ಅತ್ಯಂತ ಕಡಿಮೆಯಾಗಿರುತ್ತದೆ. ಓಡುವ ನೀರಿಗೆ ಒಗ್ಗಿದ ಮಶೀರಿಗೆ ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ. ನಾನು ಹೋಗಿ ನೋಡಿದಾಗ ಮಡುವಿನ ಅಂಚಿನ ಬಂಡೆಗಳ ಮೇಲೆ ಹಿಂದಿನ ದಿನದ ನೀರಿನ ಗೆರೆ ಇನ್ನೂ ಕಪ್ಪಗೆ ಒದ್ದೆಯಾಗಿತ್ತು, ನೀರು ಅದಕ್ಕಿಂತ ಒಂದು ಗೇಣು ಕೆಳಗಿತ್ತು. ಮೇಲ್ಗಡೆಯಿಂದ ನಾಲ್ಕು ಪಂಪುಗಳ ಸದ್ದು ಕೇಳುತ್ತಿತ್ತು.

ಬಲೆ ಇಳಿಸಲು ನಮಗೆ ಅಧಿಕಾರವಿಲ್ಲ. ಇಲಾಖೆಗೆ ಫೋನ್ ಮಾಡಿ, ಅಲ್ಲಿಂದ ಒಪ್ಪಿಗೆಯೂ ಒಬ್ಬ ಸಿಬ್ಬಂದಿಯೂ ಬರುವವರೆಗೆ, ಬಕೆಟ್ಟಿನಿಂದ ನೀರು ಎತ್ತಿ ಎತ್ತರದಿಂದ ಮಡುವಿಗೇ ಸುರಿಯುತ್ತ ಗಾಳಿ ಬೆರೆಸುವ ಕೆಲಸಕ್ಕೆ ಅಕ್ಕಪಕ್ಕದ ತೋಟದ ಕಾರ್ಮಿಕರ ಲೈನುಮನೆಗಳ ಹುಡುಗರನ್ನು ಹಚ್ಚಿದೆವು. ಅದರಿಂದ ಎಷ್ಟು ಉಪಯೋಗವಾಯಿತೋ ಗೊತ್ತಿಲ್ಲ, ಕೈಕಟ್ಟಿ ನಿಲ್ಲುವುದು ಮಾತ್ರ ತಪ್ಪಿತು. ಆಮೇಲೆ ಬಲೆಯನ್ನು ನಿಧಾನವಾಗಿ ಎಳೆದು, ಮೀನುಗಳನ್ನು ಒದ್ದೆ ಟಾರ್ಪಾಲಿನಲ್ಲಿ ನೀರಿನ ಸಮೇತ ಎತ್ತಿ, ಕೆಳಗಿನ ದೊಡ್ಡ ಮಡುವಿಗೆ ಬಂಡೆ ದಾಟಿಸಿ ಸಾಗಿಸಿದೆವು. ಒಣಗಿದ ಕೈಯಿಂದ ಮುಟ್ಟಿದರೆ ಮೈಮೇಲಿನ ಲೋಳೆ ಕಿತ್ತುಬಂದು ಅಲ್ಲಿ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಪ್ರತಿಯೊಬ್ಬರೂ ಮೊಣಕೈವರೆಗೆ ಕೈ ತೋಯಿಸಿಕೊಂಡೇ ಇರಬೇಕೆಂದು ಕಾವಲುಗಾರ ಎಲ್ಲರಿಗೂ, ಇಲಾಖೆಯವರಿಗೂ ಸೇರಿಸಿ, ಗದರುತ್ತಿದ್ದ. ದೊಡ್ಡದೊಂದನ್ನು ಅಳೆದೆ: ಉದ್ದ 38 ಇಂಚು, ಸುತ್ತಳತೆ 22, ಅಂದರೆ 23 ಪೌಂಡಿನ ಹತ್ತಿರ. ಅದನ್ನು ಹೊಳೆಗೆ ಎದುರುಮುಖವಾಗಿ ಎರಡೂ ಕೈಯಲ್ಲಿ ಹಿಡಿದುಕೊಂಡು ಸೊಂಟಮಟ್ಟದ ನೀರಿನಲ್ಲಿ ನಿಂತೆ. ಬಹಳ ಹೊತ್ತು ಕಿವಿರು ಮಾತ್ರ ಆಡುತ್ತಿತ್ತು. ಕೊನೆಗೆ ಬಾಲದಿಂದ ನನ್ನ ಪಕ್ಕೆಗೆ ಒಂದೇಟು ಕೊಟ್ಟು ಹೊರಟುಹೋಯಿತು.

ಅವೆಲ್ಲವೂ ನೀಲಿ ರೆಕ್ಕೆಯ ಮಶೀರುಗಳು, ಮೀನುಮರಿ ಕೇಂದ್ರಗಳಲ್ಲಿ ಬೆಳೆಸಿ ಕಾವೇರಿಗೆ ಬಿಡುತ್ತ ಬಂದ ಜಾತಿಯವು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಇಲ್ಲದ, ಕಿತ್ತಳೆ ರೆಕ್ಕೆಯ ಡುಬ್ಬದ ಮಶೀರ್ ಒಂದೂ ಅಂದಿನ ಬಲೆಗೆ ಬರಲಿಲ್ಲ. ಆ ಮೀನು ಟಾರ್ ರೆಮಾದೇವಿಯೆಂದು ವಿಜ್ಞಾನಿಗಳು ಖಚಿತಪಡಿಸಿದ್ದೂ, ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಅದು ಸೇರಿದ್ದೂ 2018ರಲ್ಲಿ. ಹೆಸರು ಖಚಿತವಾಗುವಷ್ಟರಲ್ಲಿ ಮೀನೇ ಅಪರೂಪವಾಗಿತ್ತು.

ಮಧ್ಯಾಹ್ನ ಪಂಪುಗಳಿರುವ ಕಡೆಗೆ ನಡೆದೆ. ನಾಲ್ಕರಲ್ಲಿ ಮೂರು ನಮ್ಮ ಸದಸ್ಯರವೇ. ಅದರಲ್ಲೂ ಒಂದು, ನನಗೆ ರಾಗಿ ಹಿಟ್ಟನ್ನು ಬೇಯಿಸಿ ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸುವುದನ್ನು ಕಲಿಸಿದ ಹಿರಿಯರದು. ಅವರು ಕೊಡೆ ಹಿಡಿದು ಪಂಪಿನ ಪಕ್ಕದಲ್ಲೇ ಕುಳಿತಿದ್ದರು.

"ಅಂಕಲ್, ಮೇಲಿನ ಮಡು ಒಣಗಿತು" ಎಂದೆ.

"ಗೊತ್ತು. ನನ್ನ ಅರ್ಧ ತೋಟಕ್ಕೆ ನೀರಾಗಿದೆ, ಇನ್ನರ್ಧ ಬಾಕಿ. ಈಗ ನಿಲ್ಲಿಸಿದರೆ ಬ್ಯಾಂಕಿನವರಿಗೆ ನಿನ್ನ ಮೀನು ತೋರಿಸಲೇನು?" ಎಂದರು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನನ್ನದೂ ಕಾಫಿ ತೋಟವೇ. ಹೊಳೆಯಿಂದ ದೂರವಿದೆ ಎಂಬುದಷ್ಟೇ ವ್ಯತ್ಯಾಸ. ಸ್ವಲ್ಪ ಹೊತ್ತಿನ ಮೇಲೆ ಅವರೇ ಎದ್ದು ಪಂಪು ನಿಲ್ಲಿಸಿ, ಆಳುಗಳಿಂದ ಹೀರುವ ಪೈಪನ್ನು ಮೇಲಕ್ಕೆಳೆಸಿದರು. ಅದರ ತುದಿಯ ಫುಟ್‌ವಾಲ್ವಿನ ಜಾಲರಿಯ ತುಂಬ ಬೆರಳುದ್ದದ ಮರಿಗಳು ಅಂಟಿಕೊಂಡಿದ್ದವು. ಅವರು ಒಂದನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ನೋಡಿದರು, ಏನೂ ಹೇಳಲಿಲ್ಲ. ಸಂಜೆ ಅವರ ತೋಟದ ನರ್ಸರಿಯಿಂದ ನೆರಳುಬಲೆಯ ತುಂಡುಗಳು ನಾಲ್ಕೂ ಪಂಪಿಗೆ ಬಂದವು. ಅದನ್ನು ಪೈಪಿನ ಬಾಯಿಂದ ಅಂತರ ಬಿಟ್ಟು, ಬುಟ್ಟಿಯ ಹಾಗೆ ದೊಡ್ಡದಾಗಿ ಸುತ್ತಿದರೆ ಸೆಳೆತ ಹಂಚಿಹೋಗಿ ಮರಿಗಳು ಅಂಟುವುದಿಲ್ಲ.

ಆ ವಾರವೇ ಸಭೆ ಕರೆದೆ. ರಾತ್ರಿ ಪಂಪು ನಿಲ್ಲಿಸಿ ಎಂಬುದು ನನ್ನ ಬೇಡಿಕೆ. ಆದರೆ ಬೆಳೆಗಾರರಿಗೆ ರಾತ್ರಿಯೇ ಅನುಕೂಲ, ಗಾಳಿ ಕಡಿಮೆ, ನೀರು ಆವಿಯಾಗುವುದೂ ಕಡಿಮೆ. ಮೀನಿಗೆ ಅತಿ ಕಷ್ಟದ ಹೊತ್ತೂ ಜೆಟ್ಟಿಗೆ ಅತಿ ಒಳ್ಳೆಯ ಹೊತ್ತೂ ಒಂದೇ ಆಗಿಬಿಟ್ಟಿದ್ದರಿಂದ ಮಾತು ಬಿಸಿಯೇರಿತು. ಬೇಸಿಗೆ ಬಿರುಸಾದರೆ ಕುಡಿಯುವ ನೀರಿಗಾಗಿ ಜಿಲ್ಲಾಡಳಿತವೇ ಪಂಪುಗಳನ್ನು ನಿಲ್ಲಿಸುತ್ತದಲ್ಲ, ಅಲ್ಲಿಯವರೆಗೆ ನಮಗೇಕೆ ಉಸಾಬರಿ ಎಂದು ಒಬ್ಬರು ಕೇಳಿದರು. ಇದೇ ಹೊಳೆಯಲ್ಲಿ ಕೆಳಗೆ ರಾಮನಾಥಪುರದ ದೇವಸ್ಥಾನದ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ, ಆದರೆ ನಮ್ಮ ಮಡುವಿಗೆ ದೇವರ ಕಾವಲಿಲ್ಲ, ಇರುವುದು ಈ ಕೋಣೆಯಲ್ಲಿ ಕುಳಿತವರದಷ್ಟೇ ಎಂದು ಕಾವಲುಗಾರ ಬಾಗಿಲ ಬಳಿ ನಿಂತೇ ಹೇಳಿದ. ಸಭೆಯಲ್ಲಿ ಅವನಿಗೆ ಮಾತಾಡುವ ಹಕ್ಕಿಲ್ಲವೆಂದು ಒಬ್ಬ ಸದಸ್ಯರು ಆಕ್ಷೇಪಿಸಿದರು, ಆಕ್ಷೇಪವನ್ನು ನಾನು ನಡಾವಳಿಯಲ್ಲಿ ಬರೆಯಲಿಲ್ಲ.

ಕೊನೆಗೆ ಒಪ್ಪಿದ್ದು ಇಷ್ಟು. ಒಂದು ರಾತ್ರಿಗೆ ಎರಡೇ ಪಂಪು, ಸರದಿಯಂತೆ. ಮೇಲಿನ ಮಡುವಿನ ಬಾಯಲ್ಲಿರುವ ಬಂಡೆಗೆ ಕೆಂಪು ಬಣ್ಣದ ಗೆರೆ. ನೀರು ಅದಕ್ಕಿಂತ ಕೆಳಗಿಳಿದರೆ ಎಲ್ಲ ಪಂಪೂ ಬಂದ್. ಗೆರೆ ಎಲ್ಲಿ ಎಳೆಯಬೇಕೆಂಬ ಜಗಳವನ್ನು ಸಭೆಯಲ್ಲಿ ಬಗೆಹರಿಸಲಾಗದೆ ಹೊಳೆಗೇ ಹೋದೆವು. ಹಿರಿಯರು ಪ್ಯಾಂಟು ಮಡಚಿ ನೀರಿಗಿಳಿದು, ನಾನು ಕೇಳಿದ್ದಕ್ಕಿಂತ ನಾಲ್ಕು ಬೆರಳು ಕೆಳಗೆ ತಾವೇ ಗೆರೆ ಎಳೆದರು. ನಾನು ಒಪ್ಪಿಕೊಂಡೆ, ಅವರು ಎಳೆದ ಗೆರೆಯನ್ನು ಉಳಿದ ಬೆಳೆಗಾರರು ಮೀರುವುದಿಲ್ಲ, ನಾನೆಳೆದಿದ್ದರೆ ಮೊದಲ ವಾರದಲ್ಲೇ ಅಳಿಸುತ್ತಿದ್ದರು.

ಅಲ್ಲಿಂದೀಚೆಗೆ ಇಬ್ಬರು ಸದಸ್ಯರು ತೋಟದಲ್ಲೇ ಕೆರೆ ತೋಡಿಸಿ ಮಳೆಗಾಲದ ನೀರು ಹಿಡಿದಿಟ್ಟುಕೊಳ್ಳುತ್ತಿದ್ದಾರೆ, ಅವರ ಪಂಪುಗಳು ಈಗ ಹೊಳೆಗೆ ಇಳಿಯುವುದಿಲ್ಲ. ಹಿರಿಯರದು ಇನ್ನೂ ಸರದಿಯಲ್ಲಿದೆ. ನಾಲ್ಕನೆಯ ಪಂಪಿನ ಮಾಲೀಕರು ಮಾತ್ರ ನಮ್ಮ ಸದಸ್ಯರಲ್ಲ, ಗೆರೆಯ ಬಗ್ಗೆ ಅವರಿಗೆ ಗೌರವವೂ ಇಲ್ಲ. ಅವರಿಗೆ ಮೀನಿನ ಹುಚ್ಚಿಲ್ಲದಿದ್ದರೂ ಹೈಸ್ಕೂಲಿಗೆ ಹೋಗುವ ಮಗನಿಗೆ ವಿಪರೀತ ಇದೆ ಎಂಬುದನ್ನು ಕಾವಲುಗಾರ ಪತ್ತೆಮಾಡಿಕೊಂಡು ಬಂದಿದ್ದಾನೆ. ಕಿರಿಯರ ಸದಸ್ಯತ್ವದ ಅರ್ಜಿಯನ್ನು ಹೋದ ವಾರ ಅವರ ಮನೆಗೆ ಕಳಿಸಿದ್ದೇವೆ. ತಂದೆಯ ಸಹಿಯಾಗಿ ವಾಪಸು ಬರಬೇಕು.