ಎದೆಹಾಲು ತೆಗೆಯೋ ಪಂಪ್ ತಗೊಳ್ಳೋ ಮುಂಚೆ ಅದರ ಕಪ್ ಸೈಜ್ ನೋಡ್ಕೊಳ್ರಪ್ಪ

2017ರಲ್ಲಿ ಕಾನೂನು ಬದಲಾದ್ಮೇಲೆ ಹೆರಿಗೆ ರಜೆ 26 ವಾರ ಸಿಗುತ್ತೆ ನಿಜ, ಆದ್ರೆ ನಾನು ಹೆರಿಗೆಗೆ ಮುಂಚೆನೇ ನಾಲ್ಕು ವಾರ ತಗೊಂಡುಬಿಟ್ಟಿದ್ದೆ, ಹಂಗಾಗಿ ಪಾಪುಗೆ ಐದು ತಿಂಗಳಾಗ್ತಿದ್ದಂಗೇ ಆಫೀಸು. ಅದಕ್ಕೇ ಎರಡೂ ಕಡೆ ಒಟ್ಟಿಗೆ ಹಾಲು ತೆಗೆಯೋ ಎಲೆಕ್ಟ್ರಿಕ್ ಪಂಪ್ ತರಿಸ್ಕೊಂಡೆ.

ಮೊದಲ ವಾರ ಅಳುನೇ ಬಂದ್ಬಿಡ್ತು. ಅರ್ಧ ಗಂಟೆ ಕೂತ್ರೂ 30 ಎಂಎಲ್, ಮೇಲೆ ಉರಿ ಬೇರೆ. ಸಕ್ಷನ್, ಅಂದ್ರೆ ಪಂಪ್ ಎಳೆಯೋ ಜೋರು, ಸಾಲ್ತಿಲ್ಲ ಅಂತ ಫುಲ್ ಇಟ್ಟೆ, ತೊಟ್ಟು ಗಾಯ ಆಯ್ತು. ಅಮ್ಮ "ಆ ಮೆಶೀನ್ ಆಚೆ ಬಿಸಾಕೇ, ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡ್ಕೊಡ್ತೀನಿ" ಅಂದ್ರು. ಪಲ್ಯ ತಿಂದೆ, ಅದ್ರಿಂದ ಏನೂ ಆಗ್ಲಿಲ್ಲ.

ಆಮೇಲೆ ಹಾಲೂಡಿಸೋ ಬಗ್ಗೆ ಸಲಹೆ ಕೊಡೋ ಲ್ಯಾಕ್ಟೇಶನ್ ಕನ್ಸಲ್ಟೆಂಟ್ ಒಬ್ರು ಅಳತೆ ತೆಗೆದು ನೋಡಿದ್ರೆ ಡಬ್ಬದಲ್ಲಿ ಬಂದಿದ್ದ, ಎದೆಗೆ ಇಟ್ಕೊಳ್ಳೋ ಕಪ್‌ನ ತೂತು 24 ಎಂಎಂ, ನನಗೆ ಬೇಕಾಗಿದ್ದು 19! ತೂತು ದೊಡ್ಡದಾದ್ರೆ ತೊಟ್ಟಿನ ಜೊತೆ ಸುತ್ತಲಿನ ಚರ್ಮನೂ ಒಳಗೆ ಎಳ್ಕೊಳ್ಳುತ್ತಂತೆ, ನೋವು ಬರೋದು ಅದಕ್ಕೇ. ತೂತು ಚಿಕ್ಕದು ಮಾಡೋಕೆ ಒಳಗೆ ಒಂದು ಸಿಲಿಕಾನ್ ಇನ್ಸರ್ಟ್ ಹಾಕಿದ್ಮೇಲೆ ಸಕ್ಷನ್ ಲೆವೆಲ್ ನಾಲ್ಕರಲ್ಲೇ 90 ಎಂಎಲ್ ಬಂತು. ಮೊದಲೆರಡು ನಿಮಿಷ ಚಿಕ್ಕ ಚಿಕ್ಕದಾಗಿ ಬೇಗ ಬೇಗ ಎಳೆಯೋ ಮೋಡ್, ಪಾಪು ಶುರುವಲ್ಲಿ ಚೀಪತ್ತಲ್ಲ ಹಂಗೆ, ಹಾಲು ಇಳಿದ್ಮೇಲೆ ನಿಧಾನದ್ದು.

ಎರಡು ತಿಂಗಳಾದ್ಮೇಲೆ ಮತ್ತೆ ಕಮ್ಮಿ ಆಯ್ತು, ನನ್ನ ಹಾಲೇ ಬತ್ತೋಯ್ತು ಅನ್ಕೊಂಡೆ. ನೋಡಿದ್ರೆ ಬಾತುಕೋಳಿ ಕೊಕ್ಕಿನ ಥರ ಇರೋ ವಾಲ್ವ್ ಸಡಿಲ ಆಗಿ ಪಂಪ್ ಸರಿಯಾಗಿ ಎಳೀತಿರ್ಲಿಲ್ಲ ಅಷ್ಟೇ! ಸ್ಪೇರ್ ವಾಲ್ವ್ ಸಿಗದಿರೋ ಪಂಪ್ ಎಷ್ಟೇ ಚೀಪಾಗಿದ್ರೂ ತಗೋಬೇಡಿ.

ಆಫೀಸಲ್ಲಿ ಚಿಕ್ಕ ಮೀಟಿಂಗ್ ರೂಮ್, ಬಾಗಿಲಿಗೆ ಚಿಲಕ ಇಲ್ಲ, ಕುರ್ಚಿ ಅಡ್ಡ ಇಟ್ಕೊಂಡು ಕೂರೋದು. ತೆಗೆದಿದ್ದು ಫ್ರಿಜ್ಜಿಗೆ, ಅಲ್ಲಿ ನಾಲ್ಕು ದಿನ ಇರುತ್ತೆ, ಹೊರಗಡೆ ಆದ್ರೆ ನಾಲ್ಕು ಗಂಟೆ ಮೇಲೆ ನಾನಂತೂ ಇಡಲ್ಲ. ಬಾಟ್ಲಿ ಪಾಪು ಬಾಯಿಗೇ ಹಾಕಲ್ಲ, ಅಮ್ಮ ಬೆಳ್ಳಿ ಒಳಲೆಯಲ್ಲಿ ಕುಡಿಸ್ತಾರೆ.

ಒಂದೇ ಒಂದು ಬೇಜಾರು, ನನ್ನದು ಓಪನ್ ಸಿಸ್ಟಮ್, ಟ್ಯೂಬ್ ಒಳಗೆ ಹಾಲಿನ ಹನಿ ಹೋಗುತ್ತೆ, ಮೋಟಾರ್ ಒಳಗಡೆ ತೊಳೆಯೋಕೆ ಆಗಲ್ಲ. ಮೊನ್ನೆ ನಾದಿನಿ "ಅತ್ತಿಗೆ, ನಿಮ್ದು ಆದ್ಮೇಲೆ ನಂಗೆ ಕೊಡಿ" ಅಂದ್ಲು, ಅವಳಿಗೀಗ ಏಳನೇ ತಿಂಗಳು. ಕೊಡಲ್ಲ ಅಂದೆ. ಮುಖ ಊದಿಸ್ಕೊಂಡಿದಾಳೆ, ಹಾಲು ಟ್ಯೂಬು, ಮೋಟಾರ್ ಒಳಗೆ ಹೋಗದಿರೋ ಕ್ಲೋಸ್ಡ್ ಸಿಸ್ಟಮ್‌ದು ಹೊಸದೇ ತೆಗೆದುಕೊಡ್ಬೇಕು ಈಗ.