ಮಿಶ್ರಿ ಅಂದುಕೊಂಡೆ

ಪುಣೆ ಜಿಲ್ಲೆಯ ಭೋರ್ ತಾಲ್ಲೂಕಿನಲ್ಲಿ ಮನೆ ಮನೆ ಸರ್ವೆ. 60 ದಾಟಿದವರಲ್ಲಿ ಎಷ್ಟು ಜನರಿಗೆ ಲಕ್ವಾ ಹೊಡೆದಿದೆ ಅಂತ ಲೆಕ್ಕ. ದಿನಕ್ಕೆ 15 ಫಾರ್ಮ್ ಸಿಂಕ್ ಆಗದಿದ್ದರೆ ಸಂಜೆ ಆಫೀಸಿನಿಂದ ಫೋನ್ ಗ್ಯಾರಂಟಿ.

ಅವತ್ತು ಹನ್ನೊಂದೂವರೆಗೆ ಐದನೇ ಮನೆ. ಜಗಲಿ ಮೇಲೆ ಕೂತಿದ್ದ ಆಜಿಯ ಮಾತು ತೊದಲುತ್ತಿತ್ತು. ಬಾಯಲ್ಲಿ ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ಇರಬೇಕು ಅಂದುಕೊಂಡೆ. ಇಲ್ಲಿನ ಹೆಂಗಸರು ಅದನ್ನು ವಸಡಿಗೆ ತಿಕ್ಕಿಕೊಂಡು ಕೂತರೆ ಮಾತು ಹಾಗೇ ಅಲ್ವಾ? ‘ಅರ್ಧಾಂಗವಾಯು’ ಆಗಿತ್ತಾ ಅಂತ ಫಾರ್ಮಿನಲ್ಲಿದ್ದ ಹಾಗೇ ಕೇಳಿದೆ. ಊರಲ್ಲಿ ಯಾರೂ ಆ ಮಾತು ಆಡೋದಿಲ್ಲ, ‘ಅಂಗಾವರೂನ್ ವಾರಂ ಗೇಲಂ’, ಮೈಮೇಲಿಂದ ಗಾಳಿ ಹಾದುಹೋಯ್ತು, ಅಂತಾರೆ. ಆಜಿ ಸುಮ್ನೆ ತಲೆಯಾಡಿಸಿದರು. ‘ಇಲ್ಲ’ ಒತ್ತಿದೆ.

ಯಾವತ್ತಾದರೂ ಬಾಯಿ ಸೊಟ್ಟ ಆಗಿತ್ತಾ ಅನ್ನೋ ಪ್ರಶ್ನೆಯನ್ನೂ ಕೇಳಿದೆ. ಕಣ್ಣು ಟ್ಯಾಬ್ ಮೇಲೇ ಇತ್ತು. ಕೊನೆಗೆ ಹೆಬ್ಬೆಟ್ಟು ಕೇಳಿದರೆ ಎಡಗೈ ಚಾಚಿದರು. ಬಲಗೈ ತೊಡೆ ಮೇಲೆ ಹಾಗೇ ಬಿದ್ದಿತ್ತು. ಯಾವ ಕೈ ಆದರೇನು ಅಂತ ಒತ್ತಿಸಿಕೊಂಡು ಸಬ್ಮಿಟ್ ಮಾಡಿದೆ.

ನೀರಿಗೆ ಬಂದ ನಮ್ಮ ಡ್ರೈವರ್, ಇಂಡಿ ಕಡೆಯ ಹುಡುಗ, ಒಂದೇ ಸಲ ನೋಡಿ ಅಂದ: “ಅಕ್ಕಾರ, ಆಯಿ ಬಾಯಿ ಸೊಟ್ಟ ಆಗೇದ ನೋಡ್ರಿ.”

12:10. ಬಿಪಿ 210/110. ಶುಗರ್ ಸರಿಯಿತ್ತು. ಸೊಸೆ ಚಹಾ ಕುಡಿಸಲು ಬಂದಳು, ಗಂಟಲಲ್ಲಿ ಸಿಕ್ಕೀತು ಅಂತ ತಡೆದೆ. ನಾನು ಸರಿಯಾಗಿ ಮಾಡಿದ್ದು ಅದೊಂದೇ. 108 ಬರೋಕೆ ಅರ್ಧ ಗಂಟೆ. ಘಾಟಿನ ತಿರುವುಗಳಲ್ಲಿ, ಮಹಾರಾಷ್ಟ್ರದ ಇನ್ನೊಂದು ತುದಿಯ ಗಡಚಿರೋಲಿ ಜಿಲ್ಲೆಯ ಸರ್ವೆ ತಲೆಯಲ್ಲಿ ಸುತ್ತುತ್ತಿತ್ತು. ಅಲ್ಲಿನ 86 ಹಳ್ಳಿಗಳಲ್ಲಿ ಲೆಕ್ಕ ಹಾಕಿದಾಗ ಏಳು ಸಾವಿನಲ್ಲಿ ಒಂದು ಲಕ್ವಾದ್ದು. ಹಾಗೆ ಸತ್ತ ಹತ್ತರಲ್ಲಿ ಎಂಟಕ್ಕೂ ಜಾಸ್ತಿ ಜನ ಮನೆಯಲ್ಲೇ ಹೋಗಿದ್ದರು. ಆಸ್ಪತ್ರೆ ರಿಜಿಸ್ಟರಿನಲ್ಲಿ ಇವರು ಸಿಗೋದಿಲ್ಲ, ಮನೆಗೇ ಹೋಗಿ ನೋಡಬೇಕು ಅಂತ ಟ್ರೇನಿಂಗಿನಲ್ಲಿ ಹೇಳಿದ್ದರು. ನಾನು ಹೋಗಿದ್ದೆ, ನೋಡಿರಲಿಲ್ಲ.

ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆ ಮುಟ್ಟಿದಾಗ 2:20. ಯಾವಾಗಿನಿಂದ ಅಂತ ಡಾಕ್ಟರ್ ಕೇಳಿದರು. 12:10 ಅಂದೆ. ಸೊಸೆ ಹಿಂದಿನಿಂದ, ಒಂಬತ್ತೂವರೆಗೆ ಸರಿಯಿದ್ದರು, ಆಮೇಲೆ ಕೈಯಿಂದ ಭಾಕ್ರಿ ಜಾರಿಬಿತ್ತು ಅಂದಳು. ಲೆಕ್ಕ ಶುರುವಾಗೋದು ಕೊನೆಯ ಸಲ ಸರಿಯಿದ್ದ ಹೊತ್ತಿನಿಂದ, ನಮ್ಮ ಕಣ್ಣಿಗೆ ಬಿದ್ದ ಹೊತ್ತಿನಿಂದ ಅಲ್ಲ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ. ಹೆಪ್ಪು ಕರಗಿಸೋ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು, ಎರಡಕ್ಕೇ ಮುಗಿದಿತ್ತು. ಫಾರ್ಮಿಗೆ ಹೋಗಿದ್ದು 40 ನಿಮಿಷ.

ಆಜಿ ಬದುಕಿದ್ದಾರೆ. ಬಲಗೈ ಏಳೋದಿಲ್ಲ.

ಈಗ ನಾನು ಮೊದಲು ನೀರು ಕೇಳುತ್ತೇನೆ. ತಂಬಿಗೆ ಹೇಗೆ ಎತ್ತುತ್ತಾರೆ ನೋಡಿಕೊಂಡೇ ಟ್ಯಾಬ್ ತೆಗೆಯೋದು. ಫಾರ್ಮ್ 15ರ ಬದಲು 11 ಆಗುತ್ತವೆ, ಬೈಗುಳವೂ ಬರುತ್ತದೆ.

ಆ ಫಾರ್ಮ್ ತಿದ್ದಲು ಕೇಳಿದ್ದೆ. ಸಿಂಕ್ ಆದ ಮೇಲೆ ಲಾಕ್ ಅಂದರು. ನಮ್ಮ ಲೆಕ್ಕದಲ್ಲಿ ಆ ಆಜಿಗೆ ಇನ್ನೂ ಲಕ್ವಾ ಹೊಡೆದಿಲ್ಲ.