ಯೂಟಾದಲ್ಲಿ ಕೂತು ಸಾಗರದ ಫೋಟೋ ಜೋಡಿಸುವುದು

ನಾನಿರುವ ಅಮೆರಿಕದ ಯೂಟಾ ರಾಜ್ಯದಲ್ಲಿ ಮನೆಯ ಫೋಟೋ ಆಲ್ಬಮ್ ಅಂದರೆ ತಮಾಷೆಯ ಮಾತಲ್ಲ. ಇಲ್ಲಿಯ ಮಾರ್ಮನ್ ಅನ್ನುವ ಕ್ರೈಸ್ತ ಪಂಥದ ಜನರಿಗೆ ಮನೆತನದ ದಾಖಲೆ ಇಡುವುದು ಧರ್ಮದ್ದೇ ಒಂದು ಭಾಗ. ಮುತ್ತಜ್ಜನ ಅಪ್ಪ ಯಾವ ಹಡಗಿನಲ್ಲಿ ಬಂದ ಅನ್ನುವುದು ಪಕ್ಕದ ಮನೆಯವರಿಗೆ ಬಾಯಿಪಾಠ. ಸಾಲ್ಟ್ ಲೇಕ್ ಸಿಟಿಯಲ್ಲಿ ವಂಶಾವಳಿಗೆಂದೇ ದೊಡ್ಡ ಲೈಬ್ರರಿ ಇದೆ, ಯಾರು ಬೇಕಾದರೂ ಪುಕ್ಕಟೆ ಹೋಗಿ ಹುಡುಕಬಹುದು.

ಫೋಟೋಗಳನ್ನು ಅಲಂಕರಿಸಿ ಹಾಳೆಗೆ ಅಂಟಿಸುವ ಈಗಿನ ಸ್ಕ್ರ್ಯಾಪ್‌ಬುಕ್ ಹುಚ್ಚಿಗೂ ಇದೇ ತವರು. 1980ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ದಾಖಲೆಗಳ ಬಗ್ಗೆ ಒಂದು ವಿಶ್ವ ಸಮ್ಮೇಳನ ನಡೆಯಿತು. ಅಲ್ಲಿ ಮೇರಿಲೆನ್ ಕ್ರಿಸ್ಟೆನ್‌ಸನ್ ಅನ್ನುವವರು ತಮ್ಮ ಮನೆಯ 50 ಆಲ್ಬಮ್‌ಗಳನ್ನು ತಂದು ಇಟ್ಟಿದ್ದರು. ಮರುವರ್ಷ ಸ್ಪ್ಯಾನಿಶ್ ಫೋರ್ಕ್ ಅನ್ನುವ ಊರಲ್ಲಿ ಅವರು ಇದಕ್ಕೆಂದೇ ಅಂಗಡಿ ತೆರೆದರು. ಅಲ್ಲಿಂದ ಮುಂದೆ ಬೆಳೆದದ್ದು ದೊಡ್ಡ ವ್ಯಾಪಾರ.

ಇಲ್ಲಿ ಹೆಂಗಸರು ಶನಿವಾರ ಒಂದು ಹಾಲ್‌ನಲ್ಲಿ ಸೇರಿ ಫೋಟೋ ಅಂಟಿಸುತ್ತಾರೆ. ಇದಕ್ಕೆ ಕ್ರಾಪ್ ಅನ್ನುತ್ತಾರೆ. ಶಿವಮೊಗ್ಗ ಜಿಲ್ಲೆಯ ನಮ್ಮೂರು ಸಾಗರದಲ್ಲಿ ಹಪ್ಪಳ ಒತ್ತುವ ದಿನದ ಹಾಗೇ ಇರುತ್ತದೆ: ಕೈ ಕೆಲಸಕ್ಕೆ, ಬಾಯಿ ಊರ ಸುದ್ದಿಗೆ. ಗಾಲಿ ಇರುವ ಚೀಲದಲ್ಲಿ ಸಾಮಾನು ಎಳೆದುಕೊಂಡು ಬರುತ್ತಾರೆ. ನೆರೆಮನೆಯಾಕೆ ನನ್ನನ್ನು ಮೊದಲ ಸಲ ಕರೆದುಕೊಂಡು ಹೋದಾಗ ಆ ಸಾಮಾನು ನೋಡಿಯೇ ದಂಗಾದೆ. ಹೂವು ಕತ್ತರಿಸುವ ಯಂತ್ರ, ಬಣ್ಣದ ಟೇಪು, ರಿಬ್ಬನ್, ಮುತ್ತು, ಅಕ್ಷರದ ಸ್ಟಿಕ್ಕರ್. ಒಬ್ಬಾಕೆಯ ಹತ್ತಿರ ಬರೀ ಶರತ್ಕಾಲದ ಎಲೆಗಳಿಗೇ ಒಂದು ಡಬ್ಬಿ ಇತ್ತು!

ನನ್ನ ಅನುಭವದಲ್ಲಿ ಇದರಲ್ಲಿ ಬೇಕಾಗುವುದು ಬಹಳ ಕಡಿಮೆ. 12 ಇಂಚು ಉದ್ದ, 12 ಇಂಚು ಅಗಲದ ಹಾಳೆಗಳು. ಆಸಿಡ್ ಇಲ್ಲದ, ಲಿಗ್ನಿನ್ ಇಲ್ಲದ ಕಾಗದ. ಲಿಗ್ನಿನ್ ಅಂದರೆ ಮರದಲ್ಲಿರುವ ಒಂದು ಅಂಶ, ಅದು ಇದ್ದರೆ ಹಳೇ ಪೇಪರ್ ಥರ ಹಳದಿ ಆಗುತ್ತದೆ. ಫೋಟೋ ಮೂಲೆಗೆ ಸಿಕ್ಕಿಸುವ ತ್ರಿಕೋನಗಳು, ನಮ್ಮ ಅಜ್ಜನ ಕಾಲದ ಕಪ್ಪು ಹಾಳೆಯ ಆಲ್ಬಮ್‌ನಲ್ಲಿ ಇರುತ್ತಿದ್ದವಲ್ಲ, ಅವೇ. ಮೇಲೆ ಹಾಕಲು ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಕವರು. ಪಿವಿಸಿ ಪ್ಲಾಸ್ಟಿಕ್ ಬೇಡ. ಉಳಿದ ಚಮಕ್ ಎಲ್ಲ ಆಮೇಲೆ. ಪುಟದಲ್ಲಿ ಏನು ಬರುತ್ತದೆ ಅಂತ ಗೊತ್ತಾಗುವ ಮೊದಲೇ ಸ್ಟಿಕ್ಕರ್ ಕೊಂಡರೆ, ಸ್ಟಿಕ್ಕರ್‌ಗೆ ತಕ್ಕ ಫೋಟೋ ಹುಡುಕುವ ಗತಿ ಬರುತ್ತದೆ. 2025ರಲ್ಲಿ ಜೋ-ಆನ್ ಅನ್ನುವ ಕರಕುಶಲ ಸಾಮಾನಿನ ಅಂಗಡಿಗಳೆಲ್ಲ ಬಾಗಿಲು ಹಾಕುವಾಗ ಡಿಸ್ಕೌಂಟ್ ಅಂತ ನಮ್ಮ ಗುಂಪಿನವರು ಕೊಂಡು ತುಂಬಿಸಿದ್ದು ಅವರ ಮೊಮ್ಮಕ್ಕಳಿಗೂ ಸಾಕಾಗುತ್ತದೆ.

ಕಷ್ಟದ ಕೆಲಸ ವಿಂಗಡಣೆ. ಇಲ್ಲಿಯವರು ವರ್ಷದ ಪ್ರಕಾರ ಜೋಡಿಸು ಅನ್ನುತ್ತಾರೆ. ಅವರ ಫೋಟೋಗಳ ಹಿಂದೆ ತಾರೀಕು ಇರುತ್ತದೆ, ಸರಿ. ಸಾಗರದಿಂದ ನಾನು ತಂದ ಫೋಟೋಗಳ ಹಿಂದೆ ಸ್ಟುಡಿಯೋದ ಸೀಲು ಇದ್ದರೆ ಹೆಚ್ಚು. ಅದಕ್ಕೆ ಮೊದಲು ಮನೆ ಪ್ರಕಾರ ಗುಡ್ಡೆ ಹಾಕಿದೆ: ಅಜ್ಜನ ಮನೆ, ಅಮ್ಮನ ತವರು, ಬೆಂಗಳೂರಿನ ಬಾಡಿಗೆ ಮನೆಗಳು. ಆಮೇಲೆ ಒಂದೊಂದು ಗುಡ್ಡೆ ಹಿಡಿದು ವಿಡಿಯೋ ಕಾಲ್.

ವರ್ಷ ಕೇಳಿದರೆ ಯಾರಿಗೂ ನೆನಪಿಲ್ಲ. ಬೇರೆ ಥರ ಕೇಳಬೇಕು. 'ಇಂದಿರಾ ಗಾಂಧಿ ಚಿಕ್ಕಮಗಳೂರಲ್ಲಿ ನಿಂತಾಗ ನಿನಗೆ ಮದುವೆ ಆಗಿತ್ತಾ?' ಅಂದರೆ ಅತ್ತೆ ತಕ್ಷಣ ಉತ್ತರ ಕೊಡುತ್ತಾರೆ. ಆ ಚುನಾವಣೆ 1978ರದ್ದು, ಸಿಕ್ಕಿತು ಲೆಕ್ಕ. ಕಪಿಲ್ ದೇವ್ ಕಪ್ ಎತ್ತಿದ್ದು 1983. ಮೊದಲು ಟಿವಿ ಬಂದದ್ದು, ಗೋಡೆಗೆ ಹಸಿರು ಬಣ್ಣ ಬಳಿದದ್ದು, ದೊಡ್ಡಪ್ಪನಿಗೆ ಕನ್ನಡಕ ಬಂದದ್ದು, ಎಲ್ಲವೂ ಕ್ಯಾಲೆಂಡರೇ. ಇಬ್ಬರು ಅತ್ತೆಯರನ್ನು ಒಟ್ಟಿಗೆ ಕೂರಿಸಿದರೆ ಜಗಳವೂ ಆಗುತ್ತದೆ. ಆಗಲಿ. ಜಗಳದಲ್ಲಿ ಹೆಸರುಗಳು ಜಾಸ್ತಿ ಹೊರಗೆ ಬರುತ್ತವೆ. ನಾನು ಇಬ್ಬರ ಮಾತನ್ನೂ ಬರೆದುಕೊಳ್ಳುತ್ತೇನೆ, ತೀರ್ಪು ಕೊಡುವುದಿಲ್ಲ.

ಫೋಟೋ ಕತ್ತರಿಸುವ ವಿಷಯದಲ್ಲಿ ಮಾತ್ರ ಇಲ್ಲಿಯವರ ಮಾತು ನಾನು ಕೇಳಲಿಲ್ಲ. ನಮ್ಮ ಅಜ್ಜನ ಹಳೇ ಮನೆ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು, ಮನೆ ಮುಳುಗಿತು. ಆ ಮನೆಯ ಅಂಗಳದಲ್ಲಿ ತೆಗೆದ ಒಂದೇ ಒಂದು ಗ್ರೂಪ್ ಫೋಟೋ ಉಳಿದಿದೆ. ನಡುವೆ ಅಜ್ಜ, ಅಜ್ಜಿ, ಮಕ್ಕಳು. ಬಲಗಡೆ ಅರ್ಧ ಫೋಟೋ ಖಾಲಿ: ಮಣ್ಣಿನ ಗೋಡೆ, ಅಡಿಕೆ ಒಣಗಿಸುವ ಅಟ್ಟದ ಒಂದು ಕಾಲು, ಹಸುವಿನ ಬಾಲ. ಕ್ರಾಪ್‌ನಲ್ಲಿ ಪಕ್ಕ ಕೂತವಳು ಆ ಕಡೆಯನ್ನು ಕತ್ತರಿಸಿ ಮುಖಗಳನ್ನು ದುಂಡಗೆ ಮಾಡಿಕೊಡುತ್ತೇನೆ ಅಂದಳು. ಪಾಪ, ಒಳ್ಳೇ ಮನಸ್ಸಿಂದಲೇ ಅಂದದ್ದು. ಆದರೆ ಅಜ್ಜಿಯ ಮುಖ ಬೇರೆ ಫೋಟೋಗಳಲ್ಲೂ ಇದೆ. ಆ ಗೋಡೆ ಇರುವುದು ಇದರಲ್ಲಿ ಮಾತ್ರ. ದೊಡ್ಡಪ್ಪನಿಗೆ ತೋರಿಸಿದಾಗ ಅವರು ಮುಖಗಳನ್ನು ಬಿಟ್ಟು ಆ ಅಟ್ಟದ ಬಗ್ಗೆಯೇ ಮಾತಾಡಿದರು. ಕತ್ತರಿಸಲೇಬೇಕು ಅನ್ನಿಸಿದರೆ ಪ್ರತಿ ಮಾಡಿಸಿ ಅದನ್ನು ಕತ್ತರಿಸಿ.

ಊರಲ್ಲಿ ಇರುವವರಿಗೆ ಒಂದಿಷ್ಟು ಉಪಯೋಗದ ಮಾತು. ಎಂಬತ್ತು, ತೊಂಬತ್ತರ ದಶಕದ ಆಲ್ಬಮ್‌ಗಳಲ್ಲಿ ಅಂಟಿನ ಗೆರೆಗಳಿರುವ ಹಾಳೆ, ಮೇಲೆ ಪ್ಲಾಸ್ಟಿಕ್ ಇರುತ್ತದಲ್ಲ, ಫೋಟೋಗೆ ಅದು ಕೆಟ್ಟ ಜಾಗ. ಅಂಟು ಹಳದಿಯಾಗಿ ಫೋಟೋಗೆ ಹಿಡಿದುಕೊಳ್ಳುತ್ತದೆ. ಉಗುರಿನಿಂದ ಎಬ್ಬಿಸಬೇಡಿ. ಮೊದಲು ಇಡೀ ಪುಟದ ಚಿತ್ರ ತೆಗೆದುಕೊಳ್ಳಿ, ಆಮೇಲೆ ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ದಾರವನ್ನು ಫೋಟೋದ ಹಿಂದೆ ನಿಧಾನ ಗರಗಸದ ಥರ ಎಳೆಯಿರಿ. ಬರದಿದ್ದರೆ ಬಿಟ್ಟುಬಿಡಿ, ಹಾಗೇ ಸ್ಕ್ಯಾನ್ ಮಾಡಿ. ಎಪ್ಪತ್ತರ ದಶಕದ ಬಣ್ಣದ ಫೋಟೋಗಳಿಂದ ಶುರು ಮಾಡುವುದು ಒಳ್ಳೆಯದು. ಅವು ಕತ್ತಲಲ್ಲಿ ಇಟ್ಟರೂ ಕೆಂಪಾಗುತ್ತವೆ. ಅಜ್ಜನ ಕಪ್ಪುಬಿಳುಪು ಫೋಟೋ ಇನ್ನೂ ತಡೆಯುತ್ತದೆ.

ಸ್ಕ್ಯಾನ್‌ಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಇಟ್ಟರೆ 4 ಇಂಚು, 6 ಇಂಚಿನ ಫೋಟೋ 2400 ಮತ್ತು 3600 ಪಿಕ್ಸೆಲ್ ಆಗುತ್ತದೆ. ಮತ್ತೆ ಪ್ರಿಂಟ್ ಹಾಕಿಸಲು ಧಾರಾಳ ಸಾಕು. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ನನ್ನಂಥವರು ಇಲ್ಲಿಂದ ರಜೆಗೆ ಬಂದಾಗ ಕ್ಯಾಮೆರಾದ ಗಡಿಯಾರವನ್ನೂ ಊರಿನ ಸಮಯಕ್ಕೆ ತಿರುಗಿಸಬೇಕು. ಇಲ್ಲದಿದ್ದರೆ ಅಕ್ಟೋಬರ್‌ನ ಸಂಜೆ 7 ಗಂಟೆಯ ದೀಪಾವಳಿ ಪೂಜೆ ಕಂಪ್ಯೂಟರಿನಲ್ಲಿ ಬೆಳಿಗ್ಗೆ 7.30ಕ್ಕೆ ಹೋಗಿ ಕೂರುತ್ತದೆ.

ಫೋಟೋ ಹಿಂದೆ ಬಾಲ್‌ಪೆನ್ ಬೇಡ. ಒತ್ತಿ ಬರೆದದ್ದು ಮುಂದೆ ಮೂಡುತ್ತದೆ. ಹಳೇ ಕಾಗದದ ಫೋಟೋಗೆ ಮೆತ್ತನೆಯ ಪೆನ್ಸಿಲ್ ಸಾಕು. ಪ್ಲಾಸ್ಟಿಕ್ ಲೇಪ ಇರುವ ಹೊಸ ಫೋಟೋಗಳಿಗೆ ಎಲ್ಲದರ ಮೇಲೂ ಬರೆಯುವ ವಿಶೇಷ ಪೆನ್ಸಿಲ್ ಬರುತ್ತದೆ. ಮದುವೆ ಕರೆಯೋಲೆಗೆ ಅರಿಶಿನ ಹಚ್ಚಿದ್ದರೆ ಫೋಟೋಗೆ ತಾಗಿಸದೆ ಬೇರೆ ಕವರಿನಲ್ಲಿ ಇಡಿ. ಬಸ್ಸಿನ ಯಂತ್ರದ ಟಿಕೆಟ್ ನೆನಪಿಗೆ ಬೇಕು ಅನ್ನಿಸಿದರೆ ಇವತ್ತೇ ಅದರ ಚಿತ್ರ ತೆಗೆಯಿರಿ, ಅಕ್ಷರ ಮಾಸಿಹೋಗುತ್ತದೆ.

ನನ್ನದು ಅಜ್ಜನ ಮನೆಯ ಆಲ್ಬಮ್ ಮುಗಿದಿದೆ. ಪುಟಗಳಲ್ಲಿ ಚಮಕ್ ಕಡಿಮೆ, ಬರಹ ಜಾಸ್ತಿ. ಕ್ರಾಪ್ ಗೆಳತಿಯರಿಗೆ ಅದು ಸ್ವಲ್ಪ ಸಪ್ಪೆ ಅನ್ನಿಸಿದೆ, ಮುಖದಲ್ಲೇ ಗೊತ್ತಾಯಿತು. ಕನ್ನಡ ಅಕ್ಷರದ ಸ್ಟಿಕ್ಕರ್ ಇಲ್ಲಿ ಸಿಗುವುದಿಲ್ಲ, ಶೀರ್ಷಿಕೆಗಳೆಲ್ಲ ಕೈಬರಹ. ಮುಂದಿನದು ದೊಡ್ಡತ್ತೆಯ ಮದುವೆ ಆಲ್ಬಮ್. ಅದನ್ನು ಅಮೆರಿಕಕ್ಕೆ ಕಳಿಸುವ ಮಾತೇ ಇಲ್ಲ ಅಂತ ಅತ್ತೆ ಖಡಾಖಂಡಿತ ಹೇಳಿದ್ದಾರೆ. ಹಾಗಾಗಿ ಈ ಸಲ ರಜೆಯಲ್ಲಿ ಸ್ಕ್ಯಾನರ್ರೇ ಸೂಟ್‌ಕೇಸಿನಲ್ಲಿ ಸಾಗರಕ್ಕೆ ಬರಲಿದೆ.